ಬ್ಯಾಟರಿಯ ಬಿಸಿ ಎಷ್ಟು ಹೊತ್ತು?

ಮಾಗಿ ಬಂತೆಂದರೆ ಕಬಿನಿ ಹಿನ್ನೀರಿನಂಚಿನ ಊರುಗಳು ಬೆಳಗಿನ ಬಿಸಿಲೇರುವವರೆಗೂ ಮಂಜಿನಲ್ಲಿ ಮುದುಡಿರುತ್ತವೆ. ಕಾಕನಕೋಟೆಯ ಸುತ್ತಣ ಜನ ಈ ಚಳಿಯನ್ನು ಕಂಬಳಿ ಹೊದ್ದು, ಒಲೆಯ ಮಗ್ಗುಲಲ್ಲಿ ಕುಳಿತು ಕಳೆದವರು. ಈಗ ಪ್ರವಾಸಿಗರ ತಂಗುಮನೆಗಳ ಬೆನ್ನಿಗೇ ಊರ ಮನೆಗಳಿಗೂ ವಿದ್ಯುತ್ ಹೀಟರ್ ಬರತೊಡಗಿದೆ. ವೃದ್ಧರೋ ಬಾಣಂತಿಯೋ ಇರುವ ಮನೆಯವರು ಅದನ್ನು ಕೊಂಡರೆ ಆಕ್ಷೇಪಿಸಲಾಗದು. ಆಕ್ಷೇಪವಿರುವುದು, ಕರೆಂಟು ಹೋದಾಗ ಅದನ್ನು ಇನ್ವರ್ಟರಿಗೋ ಜನರೇಟರಿಗೋ ಜೋಡಿಸುವ ಹಟಕ್ಕೆ.

ಲೆಕ್ಕ ಸರಳವಾಗಿದೆ. 2000 ವ್ಯಾಟಿನ ಹೀಟರ್ ಒಂದು ಗಂಟೆ ಬಿಡದೆ ಉರಿದರೆ 2 ಯೂನಿಟ್ ಖರ್ಚು. ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 240 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿಯನ್ನು ಹೀಟರ್ ಒಂದೇ ದಾಟಿಸಿಬಿಡುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ ಇರುವುದು 1.8 ಯೂನಿಟ್. ಸಣ್ಣ ಇನ್ವರ್ಟರ್ ಇಷ್ಟು ಭಾರ ಹೊರಲಾರದೆ ತಾನೇ ಸ್ಥಗಿತಗೊಳ್ಳುತ್ತದೆ. ದೊಡ್ಡದನ್ನು ತಂದರೂ, ಬ್ಯಾಟರಿಯನ್ನು ಅಷ್ಟು ರಭಸದಿಂದ ಹಿಂಡಿದಾಗ ಅದು ತನ್ನ ಪೂರ್ಣ ಸಾಮರ್ಥ್ಯವನ್ನು ಕೊಡುವುದಿಲ್ಲ. ಅರ್ಧ ಗಂಟೆಯ ಬಿಸಿಗೆ ಬ್ಯಾಟರಿ ಬರಿದು. ಪದೇ ಪದೇ ಹೀಗಾದರೆ ಅದರ ಆಯುಷ್ಯವೂ ಮುಗಿದಂತೆ. ಅದೇ ಬ್ಯಾಟರಿಯಲ್ಲಿ 9 ವ್ಯಾಟಿನ ಮೂರು ಎಲ್‌ಇಡಿ ದೀಪಗಳು ಎರಡು ಇರುಳು ನಿಶ್ಚಿಂತೆಯಿಂದ ಉರಿಯುತ್ತವೆ.

ಕಾಡಂಚಿನಲ್ಲಿ ಈ ವ್ಯತ್ಯಾಸ ಬರಿಯ ಖರ್ಚಿನದಲ್ಲ. ಎಚ್.ಡಿ. ಕೋಟೆಯ ಹೊಲಗಳಿಗೆ ಆನೆ ಬರುವುದು ಕತ್ತಲೆಯಲ್ಲಿ. ನಾಯಿ ಬೊಗಳಿತೆಂದು ಬಾಗಿಲು ತೆರೆಯುವವನಿಗೆ ಆ ಹೊತ್ತಿನಲ್ಲಿ ಅಂಗಳದ ದೀಪ ಬೇಕು, ಅರಣ್ಯ ಇಲಾಖೆಗೆ ಕರೆ ಮಾಡಲು ಮೊಬೈಲಿನಲ್ಲಿ ಚಾರ್ಜ್ ಬೇಕು. ಸಂಜೆಯೇ ಹೀಟರ್ ಬ್ಯಾಟರಿಯನ್ನು ಕುಡಿದು ಮುಗಿಸಿದ್ದರೆ ಅವೆರಡೂ ಇಲ್ಲ.

ಜನರೇಟರ್ ಇನ್ನೂ ವಿಚಿತ್ರ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ಟಿನಷ್ಟು ಶಾಖವಿದೆ. ಸಣ್ಣ ಜನರೇಟರ್ ಅದರಲ್ಲಿ 3 ಯೂನಿಟ್ ವಿದ್ಯುತ್ ಕೊಟ್ಟರೆ ಹೆಚ್ಚು. ಶಾಖವನ್ನು ಸುಟ್ಟು ವಿದ್ಯುತ್ ಮಾಡಿ, ಆ ವಿದ್ಯುತ್ತನ್ನು ಮತ್ತೆ ಶಾಖ ಮಾಡುವ ಈ ಬುದ್ಧಿವಂತಿಕೆಯಲ್ಲಿ ಮೂರರಲ್ಲಿ ಎರಡು ಪಾಲು ಹೊಗೆಯ ಜೊತೆ ಹೋಗುತ್ತದೆ. ಕಾಡಿನ ಮೌನಕ್ಕೆಂದು ಹಣ ತೆತ್ತು ಬಂದ ಅತಿಥಿಗೆ ರಾತ್ರಿಯಿಡೀ ಇಂಜಿನ್ನಿನ ಸದ್ದು!

ಬೆಚ್ಚಗಾಗಬೇಕಾದುದು ಮನುಷ್ಯ, ಕೊಠಡಿಯಲ್ಲ. ಹೆಂಚಿನ ಸಂದಿನಿಂದ ಬಿಸಿ ಹೊರಹೋಗುವ ಮನೆಯಲ್ಲಂತೂ ಕೊಠಡಿಯನ್ನು ಕಾಯಿಸುವುದು ತೂತು ಕೊಡಕ್ಕೆ ನೀರು ಸುರಿದಂತೆ. ಸಂದು ಮುಚ್ಚುವುದು, ದಪ್ಪ ಕಂಬಳಿ, ಸೌದೆ ಒಲೆಯ ಹಂಡೆಯಿಂದಲೋ ಸೋಲಾರ್ ಹೀಟರಿನಿಂದಲೋ ಬಿಸಿನೀರು ತುಂಬಿದ ರಬ್ಬರ್ ಚೀಲ, ಇಷ್ಟು ಸಾಕು. ಆದರೆ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವುದು ಕೂಡದು. ವಾಸನೆಯೇ ಇಲ್ಲದ ಅದರ ವಿಷಾನಿಲ ನಿದ್ದೆಯಲ್ಲೇ ಕೊಲ್ಲುತ್ತದೆ. ಹೀಟರ್ ಅನಿವಾರ್ಯವಾದವರು ಅದನ್ನು ದೀಪದ ಪಕ್ಕದ ಸಣ್ಣ ಸಾಕೆಟ್ಟಿಗೆ ಸಿಕ್ಕಿಸದೆ, 16 ಆಂಪಿಯರ್ ಸಾಕೆಟ್ಟಿಗೇ ಜೋಡಿಸಲಿ. ತಂಗುಮನೆ ನಡೆಸುವವರು ಕೊಠಡಿ ಕಾಯ್ದಿರಿಸುವಾಗಲೇ ಅತಿಥಿಗಳಿಗೆ ತಿಳಿಸಲಿ: ಕರೆಂಟು ಹೋದರೆ ದೀಪ ಉಂಟು, ಕಂಬಳಿ ಉಂಟು, ಹೀಟರ್ ಇಲ್ಲ.