ಇಕಾಮಾ ಅಲ್ಲಿ, ಕೊಂಡಿ ಇಲ್ಲಿ!

'ಗಲ್ಫಿನಲ್ಲಿದ್ದಾನೆ, ಅವನಿಗೇನು ಕಡಿಮೆ?' ಎನ್ನುವವರು ನಮ್ಮ ಜಿಲ್ಲೆಯ ಕಟ್ಟೆಕಟ್ಟೆಯಲ್ಲೂ ಸಿಗುತ್ತಾರೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ಕಡೆಯಿಂದ ಹೋಗಿ ಸೌದಿಯಲ್ಲಿ ಬೆವರು ಸುರಿಸುವವನ ನಿದ್ದೆಗೆಡಿಸುವುದು ಸಂಬಳ ಒಂದೇ ಅಲ್ಲ. ಎರಡು ದಾಖಲೆಗಳೂ ಕೆಡಿಸುತ್ತವೆ. ಒಂದು, ನಮ್ಮ ಸರಕಾರದ ಪಾಸ್‌ಪೋರ್ಟ್. ಇನ್ನೊಂದು, ಅಲ್ಲಿನ ವಾಸದ ಪರವಾನಿಗೆ, ಅಂದರೆ ಇಕಾಮಾ.

ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಪಾಸ್‌ಪೋರ್ಟಿನ ಅವಧಿ ಮುಗಿದರೆ ಇಕಾಮಾ ನವೀಕರಣಕ್ಕೆ ತಡೆ. ಹೊಸ ಪಾಸ್‌ಪೋರ್ಟ್ ಬಂದರೂ ಅದರ ನಂಬರು ಅಲ್ಲಿನ ಜವಾಜಾತ್ ಇಲಾಖೆಯಲ್ಲಿ ದಾಖಲಾಗಬೇಕು. ಇಕಾಮಾ ತಪ್ಪಿತೋ, ರಜೆಯ ಮೇಲೆ ಊರಿಗೆ ಬರುವ ಪರವಾನಿಗೆ ಸಿಗದು. ಬ್ಯಾಂಕಿನ ವ್ಯವಹಾರಕ್ಕೂ ಕುತ್ತು. ರಸ್ತೆಯಲ್ಲಿ ಪೊಲೀಸ್ ಕೈಯೊಡ್ಡಿದರೆ ತೋರಿಸಲು ಏನೂ ಇಲ್ಲ!

ಇಕಾಮಾ ನವೀಕರಿಸಬೇಕಾದವನು ಯಾರು? ಮಾಲೀಕ, ಅಂದರೆ ಕಫೀಲ. ತಡವಾದರೆ ಮೊದಲ ಸಲ 500 ರಿಯಾಲ್, ಎರಡನೇ ಸಲ 1000 ರಿಯಾಲ್ ದಂಡ. ಮೂರನೇ ಸಲವಾದರೆ ಗಡೀಪಾರು. ಗಡೀಪಾರಾಗುವವನು ಮಾತ್ರ ಕಫೀಲನಲ್ಲ, ನಮ್ಮ ಹುಡುಗ! ತಪ್ಪು ಒಬ್ಬನದು, ಪೆಟ್ಟು ಇನ್ನೊಬ್ಬನಿಗೆ.

ಪಾಸ್‌ಪೋರ್ಟಿನದು ಮತ್ತೊಂದು ಕಥೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯಿದೆಯ 17ನೇ ಕಲಮಿನಂತೆ ಅದು ಯಾವತ್ತೂ ಭಾರತ ಸರಕಾರದ ಸ್ವತ್ತು. ನೌಕರನ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದೆಂದು ಸೌದಿಯ ನಿಯಮವೂ ಹೇಳುತ್ತದೆ. ಆದರೂ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಮಾಲೀಕರು ಇದ್ದೇ ಇದ್ದಾರೆ. ಅಂಥಲ್ಲಿ ಅವಧಿ ಮುಗಿಯುವ ತಾರೀಕು ಹುಡುಗನ ಕಣ್ಣಿಗೆ ಬೀಳುವುದಾದರೂ ಹೇಗೆ?

ಇದೆಲ್ಲ ದೂರದ ಸುದ್ದಿ ಎಂದುಕೊಳ್ಳಬೇಡಿ. ಕೊಂಡಿ ಇರುವುದು ನಮ್ಮ ಊರಿನಲ್ಲೇ. ರಿಯಾದಿನ ರಾಯಭಾರ ಕಚೇರಿಗೋ ಜಿದ್ದಾದ ಕಾನ್ಸುಲೇಟಿಗೋ ಕೊಟ್ಟ ಅರ್ಜಿಗಳ ಪೈಕಿ ಕೆಲವು ಪೊಲೀಸ್ ವಿಚಾರಣೆಗೆ ಊರಿನ ಠಾಣೆಗೇ ಬರುತ್ತವೆ. ಹೆಂಡತಿ ಮಕ್ಕಳು ಶಾಲೆಗೆಂದು ಮಂಗಳೂರಿನ ಬಾಡಿಗೆ ಮನೆಗೆ ಹೋಗಿದ್ದಾರೆ, ಹಳ್ಳಿಯ ಮನೆಗೆ ಬೀಗ ಎಂದಿಟ್ಟುಕೊಳ್ಳಿ. ವಿಚಾರಣೆಗೆ ಬಂದವರು 'ಸದರಿ ವಿಳಾಸದಲ್ಲಿ ವಾಸವಿಲ್ಲ' ಎಂದು ಬರೆದು ಕಳಿಸಿದರೆ ಮುಗಿಯಿತು. ಆ ಒಂದು ಸಾಲಿನಿಂದ ಪಾಸ್‌ಪೋರ್ಟ್ ಅಲ್ಲಿ ನಿಲ್ಲುತ್ತದೆ. ಅದರ ಹಿಂದೆ ಇಕಾಮಾ, ಇಕಾಮಾದ ಹಿಂದೆ ಮನೆಯ ಅನ್ನ. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರಂತೂ ಕೇಳುವುದೇ ಬೇಡ.

ದಾಖಲೆ ತಪ್ಪಿದವರ ಗತಿ ಏನೆಂಬುದನ್ನು 2013ರಲ್ಲಿ ಕಂಡಿದ್ದೇವೆ. ಸೌದಿಯ ನಿತಾಕತ್ ಕಾಲದ ಆ ಏಳು ತಿಂಗಳ ರಿಯಾಯಿತಿಯಲ್ಲಿ ಊರಿಗೆ ಮರಳಿದ ಭಾರತೀಯರು ಲಕ್ಷಕ್ಕೂ ಮಿಕ್ಕಿ. 2024ರಲ್ಲಿ ಕುವೈತ್ ಮತ್ತು ಯುಎಇಗಳೂ ಕ್ಷಮಾದಾನ ಘೋಷಿಸಿದವು. ಪಾಸ್‌ಪೋರ್ಟ್ ಇಲ್ಲದವರಿಗೆ ಇಂಥ ಹೊತ್ತಿನಲ್ಲಿ ಸಿಗುವುದು ಔಟ್‌ಪಾಸ್. ಅದು ಊರಿಗೆ ಬರಲಿಕ್ಕೆ ಮಾತ್ರ, ವಾಪಸು ಹೋಗಲಿಕ್ಕಲ್ಲ. ಸಾಲ ತೀರುವ ಮೊದಲೇ ಬರಿಗೈಯಲ್ಲಿ ಬಂದಿಳಿದವನಿಗೆ ಕ್ಷಮೆಯಿಂದ ಏನು ಬಂತು?

ಹಾಗಾದರೆ ಉಪಾಯ? ಹತ್ತು ವರ್ಷದ ಪಾಸ್‌ಪೋರ್ಟಿಗೆ ಕೊನೆಯ ವರ್ಷದಲ್ಲೇ ಅರ್ಜಿ ಹಾಕಬಹುದು, ಕಡೆಯ ತಿಂಗಳವರೆಗೆ ಕಾಯಬೇಡಿ. ಪಾಸ್‌ಪೋರ್ಟ್, ಇಕಾಮಾ ಎರಡರ ಪ್ರತಿಯೂ ಮನೆಯವರ ಹತ್ತಿರ ಇರಲಿ. ರಜೆಗೆ ಬಂದಾಗ ಮದುವೆ, ಔತಣಗಳ ನಡುವೆ ಒಂದು ದಿನವನ್ನು ಹೆಸರು, ವಿಳಾಸ ತಿದ್ದಿಸಲಿಕ್ಕೆ ಇಡಿ. ಕಫೀಲ ಸತಾಯಿಸಿದರೆ ವಿದೇಶಾಂಗ ಇಲಾಖೆಯ 'ಮದದ್' ಜಾಲತಾಣದಲ್ಲಿ ದೂರು ಕೊಡಲು ಮನೆಯವರಿಗೂ ದಾರಿ ಇದೆ.

ಇನ್ನು ಆಡಳಿತದ ಮಾತು. ನೆರೆಯ ಕೇರಳ 1996ರಲ್ಲೇ ಹೊರನಾಡಿನ ಮಲಯಾಳಿಗಳಿಗೆಂದು ನೋರ್ಕಾ ಇಲಾಖೆ ತೆರೆಯಿತು. ನಮ್ಮವರು ಕೇಳುವುದು ಅಷ್ಟು ದೊಡ್ಡದಲ್ಲ. ಪರದೇಶದಿಂದ ಬಂದ ಪಾಸ್‌ಪೋರ್ಟ್ ಕಡತ ಠಾಣೆಯಲ್ಲಿ ಇಂತಿಷ್ಟೇ ದಿನದಲ್ಲಿ ವಿಲೇವಾರಿಯಾಗಲಿ. ಬೀಗ ಕಂಡರೆ ವರದಿ ಬರೆಯುವ ಮೊದಲು ಮನೆಯವರಿಗೊಂದು ಫೋನ್ ಹೋಗಲಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಇದನ್ನು ಬಲ್ಲ ಒಬ್ಬ ಗುಮಾಸ್ತನಿಗೆ ಒಂದು ಮೇಜು ಸಿಗಲಿ.

ಗಲ್ಫಿನ ಹಣ ಬಂದಾಗ ಊರಿಗೆಲ್ಲ ಸಂತೋಷ. ಆ ಹಣ ಕಳಿಸುವವನ ಕಡತ ಬಂದಾಗ ಮಾತ್ರ ಯಾಕೆ ಸೋಮಾರಿತನ? ಸಂಬಂಧಪಟ್ಟವರು ಇತ್ತ ಗಮನಿಸುವರೇ?