ಭಯವೇ ವಂಚಕರ ಬಂಡವಾಳ

2025ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ಅಂಬಾಲಾದ ವೃದ್ಧ ದಂಪತಿಗಳು ಒಂದು ಕೋಟಿ ರೂಪಾಯಿಗೂ ಅಧಿಕ ಹಣವನ್ನು ಕಳಕೊಂಡರು. ಕಳ್ಳರು ಬಾಗಿಲು ಮುರಿದಿರಲಿಲ್ಲ, ಚೂರಿಯನ್ನೂ ತೋರಿಸಿರಲಿಲ್ಲ. ಅವರು ತೋರಿಸಿದ್ದು ಸುಪ್ರೀಮ್ ಕೋರ್ಟಿನ ಹೆಸರಲ್ಲಿ ತಯಾರಿಸಿದ ನಕಲಿ ಆದೇಶಗಳನ್ನು. ಇವರ ದೂರನ್ನು ಅಕ್ಟೋಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಸುಪ್ರೀಮ್ ಕೋರ್ಟ್, ಇಂಥ 'ಡಿಜಿಟಲ್ ಅರೆಸ್ಟ್' ವಂಚನೆಗಳ ತನಿಖೆಯನ್ನು ಡಿಸೆಂಬರ್ 1ರಂದು ಸಿಬಿಐಗೆ ಒಪ್ಪಿಸಿತು.

ಕೇಂದ್ರ ಸರಕಾರವು ಸಂಸತ್ತಿಗೆ ನೀಡಿದ ಮಾಹಿತಿಯಂತೆ, 2023ರಲ್ಲಿ 7,465 ಕೋಟಿ ರೂಪಾಯಿಯಷ್ಟಿದ್ದ ಸೈಬರ್ ವಂಚನೆಯ ನಷ್ಟವು 2024ರಲ್ಲಿ 22,845 ಕೋಟಿಗೇರಿತು. ಒಂದೇ ವರ್ಷದಲ್ಲಿ ಮೂರು ಪಟ್ಟು!

ವಂಚಕರ ಕಥೆ ಹೆಚ್ಚುಕಡಿಮೆ ಒಂದೇ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ರವಾನೆಯಾಗಿದೆ ಎಂಬ ಬೆದರಿಕೆ. ಇಂಥ ಕರೆ ಮುಸ್ಲಿಮ್ ಮನೆಯೊಂದಕ್ಕೆ ಬಂದರೆ ಭಯ ಇಮ್ಮಡಿಯಾಗುತ್ತದೆ. ಅದಕ್ಕೆ ಕಾರಣವೂ ಇದೆ. 1994ರಲ್ಲಿ ಬಂಧಿತನಾದ ಗುಲ್ಬರ್ಗದ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ಸುಪ್ರೀಮ್ ಕೋರ್ಟ್ ನಿರ್ದೋಷಿಯೆಂದು ಬಿಡುಗಡೆಗೊಳಿಸಿದ್ದು 2016ರಲ್ಲಿ. ಅಷ್ಟರಲ್ಲಿ ಅವನ ಯೌವನವೇ ಮುಗಿದಿತ್ತು. ಇಂಥ ಸುದ್ದಿಗಳನ್ನು ಓದಿದ ತಾಯಿಯೊಬ್ಬಳು, 'ನಿಮ್ಮ ಮಗನ ಹೆಸರು ಕೇಸಿನಲ್ಲಿದೆ' ಎಂಬ ಮಾತು ಕೇಳಿದೊಡನೆ ಚಿನ್ನ ಅಡವಿಟ್ಟಾದರೂ ಹಣ ಹೊಂದಿಸಲು ಓಡಿದರೆ ಅಚ್ಚರಿಯೇನಿದೆ? ವ್ಯವಸ್ಥೆಯ ಅನ್ಯಾಯ ಬಿತ್ತಿದ ಭಯವನ್ನು ವಂಚಕರು ಕಟಾವು ಮಾಡುತ್ತಿದ್ದಾರೆ.

ಆದ್ದರಿಂದ ನಾವು ಕಾನೂನನ್ನು ತಿಳಿದಿರಬೇಕು. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ನಿಜವಾದ ಬಂಧನವಾದರೆ ಆ ವಿಷಯವನ್ನು ಬಂಧುಗಳಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ವಂಚಕನಾದರೋ, 'ಯಾರಿಗೂ ಹೇಳಬೇಡಿ, ಕರೆ ಕಡಿಯಬೇಡಿ' ಎನ್ನುತ್ತಾನೆ. ಈ ಒಂದು ವ್ಯತ್ಯಾಸ ಸಾಕು, ಅವನನ್ನು ಗುರುತಿಸಲು. ಸುದ್ದಿ ತಂದವನು ಎಂಥವನೆಂದು ನೋಡಿ ಪರಿಶೀಲಿಸಬೇಕೆಂಬ ಕುರ್‌ಆನಿನ ಆದೇಶವನ್ನು ನಾವು ಮೊಬೈಲಿಗೆ ಅನ್ವಯಿಸದೇ ಇರುವುದೇಕೆ?

ವ್ಯಾಪಾರಿಗಳೂ ಎಚ್ಚರವಹಿಸಬೇಕು. ಹಣ ಪಾವತಿಸಿದ ಸ್ಕ್ರೀನ್‌ಶಾಟ್ ತೋರಿಸಿದ ಮಾತ್ರಕ್ಕೆ ಹಣ ಬಂದಂತಾಗುವುದಿಲ್ಲ. ಖಾತೆಯನ್ನು ನೋಡಿಯೇ ಸರಕು ಕೊಡಬೇಕು. ಯುಪಿಐ ಪಿನ್ ಬೇಕಿರುವುದು ಹಣ ಕಳುಹಿಸಲು, ಪಡೆಯಲು ಅಲ್ಲ. ಮದುವೆಯ ಆಮಂತ್ರಣವೆಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲನ್ನು ತೆರೆದು ಇನ್‌ಸ್ಟಾಲ್ ಮಾಡಿದರೆ ಫೋನಿನ ಬೀಗದ ಕೈಯನ್ನೇ ಒಪ್ಪಿಸಿದಂತೆ.

ಇನ್ನೊಂದು ಕಹಿ ಸತ್ಯವಿದೆ. ದೋಚಿದ ಹಣ ಸಾಗುವುದು ಬಾಡಿಗೆ ಖಾತೆಗಳ ಮೂಲಕ. ಕೆಲವು ಸಾವಿರ ರೂಪಾಯಿ ಕಮಿಷನ್ನಿನ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್‌ಗಳನ್ನು ಅಪರಿಚಿತರಿಗೆ ಕೊಡುವ ಯುವಕರು ಯಾವ ಊರಿನಲ್ಲಿಲ್ಲ? ಪೊಲೀಸರು ಮೊದಲು ತಟ್ಟುವುದು ಇವರ ಬಾಗಿಲನ್ನೇ. ಸುಳ್ಳು ಕೇಸಿಗೆ ಹೆದರುವ ನಾವು, ನಿಜವಾದ ಕೇಸಿಗೆ ದಾರಿ ಮಾಡಿಕೊಡುವ ಮಕ್ಕಳ ಬಗ್ಗೆ ಮೌನವಾಗಿರುವುದು ಸರಿಯೇ? ಅನ್ಯರ ಕಣ್ಣೀರಿನ ಆ ಕಮಿಷನ್ ಹರಾಮ್ ಎಂಬುದನ್ನು ಮನೆಯಲ್ಲೂ ಜುಮಾ ಪ್ರವಚನದಲ್ಲೂ ಸ್ಪಷ್ಟವಾಗಿ ಹೇಳಬೇಕಾಗಿದೆ.

ಒಂದು ವೇಳೆ ಮೋಸಹೋದರೆ, ತಕ್ಷಣ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ದುರದೃಷ್ಟವಶಾತ್, ಆ ಅಮೂಲ್ಯ ಗಂಟೆಗಳು ನಾಚಿಕೆಯಲ್ಲೇ ಕಳೆದುಹೋಗುತ್ತವೆ. ಗಂಡ ಬೈದಾನೆಂದು ಹೆಂಡತಿ, ಮಕ್ಕಳು ನಕ್ಕಾರೆಂದು ತಂದೆ, ಫೋನ್ ಕಸಿದುಕೊಂಡಾರೆಂದು ಮಗಳು ಬಾಯಿ ಬಿಡುವುದಿಲ್ಲ. ಮೋಸಹೋದವರನ್ನು ಮೂದಲಿಸದೆ, ಅವರ ಮಾತನ್ನು ಆಲಿಸುವ ಮನೆಯೇ ನಿಜಕ್ಕೂ ಸುರಕ್ಷಿತ ಮನೆ. ಅಂಥ ಮನೆಗಳನ್ನು ಕಟ್ಟುವ ಹೊಣೆ ಸರಕಾರದ್ದಲ್ಲ, ನಮ್ಮದು.