ಪದವಿ ಪತ್ರ ಲಗ್ನಪತ್ರಿಕೆಗಲ್ಲ



ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಮುಂದೆ ‘ಬಿ.ಎ.’, ‘ಬಿ.ಕಾಂ.’ ಎಂದು ಅಚ್ಚು ಹಾಕಿಸುತ್ತೇವೆ. ನಮ್ಮ ಎಷ್ಟೋ ಹೆಣ್ಣುಮಕ್ಕಳ ಪದವಿ ಉಪಯೋಗಕ್ಕೆ ಬರುವುದು ಅದೊಂದೇ ಸಲ. ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನಾನು ಈ ಮಾತನ್ನು ಸಂಕಟದಿಂದಲೇ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗುವನ್ನು ಎತ್ತಿಕೊಂಡು ಮನೆಗೆ ಬಂದಳು. ಪ್ರಥಮ ದರ್ಜೆಯಲ್ಲಿ ಬಿ.ಎ. ಪಾಸಾಗಿದ್ದವಳು. ಪರೀಕ್ಷೆ ಮುಗಿದ ಮೇಲೆ ತವರಿನವರು ಎರಡು ವರ್ಷ ಅವಳನ್ನು ಮನೆಯಲ್ಲೇ ಕೂರಿಸಿದ್ದರು. ‘ಗಂಡು ನೋಡುವ ಹೊತ್ತಿನಲ್ಲಿ ಕೆಲಸಕ್ಕೆ ಕಳಿಸಿದರೆ ಜನ ಏನಂದಾರು?’ ಎಂಬುದು ಅವರ ಮಾತು. ಕೊನೆಗೆ ಹೊಲ ಅಡವಿಟ್ಟು, ವರದಕ್ಷಿಣೆ ಕೊಟ್ಟು ಮದುವೆ ಮಾಡಿದರು. ಗಂಡಿನ ಕಡೆಯವರಿಗೆ ಓದಿದ ಸೊಸೆ ಬೇಕಿತ್ತು, ದುಡಿಯುವ ಸೊಸೆ ಬೇಡವಾಗಿತ್ತು. ‘ಇನ್ನೂ ತಾ’ ಎಂಬ ಹೊಡೆತ ತಾಳಲಾರದೆ ಆರು ವರ್ಷದ ಮೇಲೆ ಅವಳು ಹೊರಬಂದಳು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಒಂದೇ ಪ್ರಶ್ನೆ: ‘ಇಷ್ಟು ವರ್ಷ ಏನು ಮಾಡುತ್ತಿದ್ದೆ? ಅನುಭವ ಎಲ್ಲಿದೆ?’ ‘ಮೇಡಂ, ನಾನು ಓದಿದ್ದು ಯಾತಕ್ಕೆ?’ ಎಂದು ಅವಳು ನನ್ನನ್ನು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

‘ನಮ್ಮ ಪದವೀಧರರು ಕೆಲಸಕ್ಕೆ ಲಾಯಕ್ಕಿಲ್ಲ, ಅವರಲ್ಲಿ ಕೌಶಲವಿಲ್ಲ’ ಎಂದು ಕಂಪನಿಯವರು ದೂರುತ್ತಾರೆ. ಇದರಲ್ಲಿ ನಿಜವಿಲ್ಲದೆ ಇಲ್ಲ, ನನ್ನ ಪಾಲಿನ ತಪ್ಪೂ ಇದೆ. ಬ್ಯಾಂಕಿನ ಬಗ್ಗೆ ವರ್ಷಗಟ್ಟಲೆ ನೋಟ್ಸ್ ಬರೆಸಿದೆ, ಒಂದು ದಿನವೂ ಹುಡುಗಿಯರನ್ನು ಬ್ಯಾಂಕಿನೊಳಗೆ ಕರೆದೊಯ್ಯಲಿಲ್ಲ. ಕೆಲಸಕ್ಕೆ ಅರ್ಜಿ ಬರೆಯುವುದನ್ನೂ ಕಲಿಸಲಿಲ್ಲ. ಆದರೆ ಕೆಲಸ ಕಲಿಯುವುದು ಕೆಲಸ ಮಾಡಿಯೇ ಅಲ್ಲವೇ? ಪದವಿ ಮುಗಿದ ಮಗ ಬೆಂಗಳೂರಿಗೆ ಹೋಗುತ್ತಾನೆ, ಗೆಳೆಯರ ಕೋಣೆಯಲ್ಲಿ ಇರುತ್ತಾನೆ, ಕಡಿಮೆ ಸಂಬಳಕ್ಕೆ ದುಡಿದು ಪಳಗುತ್ತಾನೆ. ಅಷ್ಟು ದಿನ ಮನೆಯವರೇ ಅವನಿಗೆ ಹಣ ಕಳಿಸುತ್ತಾರೆ. ಅಷ್ಟೇ ಅಂಕ ತೆಗೆದ ಮಗಳು ಒಲೆಯ ಮುಂದೆ ಗಂಡಿನ ದಾರಿ ಕಾಯುತ್ತಾಳೆ. ಆಮೇಲೆ ‘ಅನುಭವವಿಲ್ಲ’ ಎಂದು ಅವಳನ್ನೇ ದೂರುತ್ತೇವೆ!

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪಾಲ್ಗೊಂಡು 2024ರಲ್ಲಿ ಹೊರತಂದ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗ ಶೇ. 29.1. ಓದುಬರಹ ಬಾರದ ಯುವಜನರಲ್ಲಿ ಅದು ಶೇ. 3.4 ಮಾತ್ರ. ಗಮನಿಸಿ, ಈ ಲೆಕ್ಕಕ್ಕೆ ಬರುವ ನಿರುದ್ಯೋಗಿಗಳು ಕೆಲಸ ಹುಡುಕುತ್ತಿರುವವರು ಮಾತ್ರ. ಗಂಡಿಗಾಗಿ ಕಾಯುತ್ತಾ ಕೂತ ಮಗಳು ಅದರಲ್ಲಿ ಇಲ್ಲವೇ ಇಲ್ಲ. ಓದೂ ಇಲ್ಲದೆ, ಕೆಲಸವೂ ಇಲ್ಲದೆ, ತರಬೇತಿಯೂ ಇಲ್ಲದೆ ಇರುವವರ ಪ್ರಮಾಣ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಸುಮಾರು ಐದು ಪಟ್ಟು ಎಂದು ಅದೇ ವರದಿ ಹೇಳುತ್ತದೆ.

ವರದಕ್ಷಿಣೆಯ ಲೆಕ್ಕವನ್ನು ನೋಡಿ. ಗಂಡಿನ ಪದವಿ ಅವನ ಬೆಲೆಯನ್ನು ಏರಿಸುತ್ತದೆ. ಹೆಣ್ಣು ಓದಿದರೂ ಏರುವುದು ಗಂಡಿನ ಬೆಲೆಯೇ, ಏಕೆಂದರೆ ಅವಳಿಗಿಂತ ಹೆಚ್ಚು ಓದಿದವನನ್ನೇ ಹುಡುಕುತ್ತೇವೆ. 1961ರಿಂದ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಆದರೂ ಮದುವೆಗೆ ಲಕ್ಷಗಟ್ಟಲೆ ಸಾಲ ಮಾಡುವ ನಾವು, ಮಗಳ ಮೊದಲ ಸಂಬಳ ಕೈಗೆ ಬರುವವರೆಗಿನ ಮೂರು ತಿಂಗಳ ಖರ್ಚಿಗೆ ‘ದುಡ್ಡಿಲ್ಲ’ ಎನ್ನುತ್ತೇವೆ.

‘ಕೆಲಸಕ್ಕೆ ಹೋಗುವವರಿಗೆ ಹೊಡೆತ ಬೀಳುವುದಿಲ್ಲವೇ?’ ಎಂದು ಕೇಳಬಹುದು. ಬೀಳುತ್ತದೆ. ಸಂಬಳವನ್ನು ಕಿತ್ತುಕೊಳ್ಳುವ ಗಂಡಂದಿರೂ ಇದ್ದಾರೆ. ಆದರೆ ಸ್ವಂತ ಸಂಪಾದನೆ ಇದ್ದವಳಿಗೆ ಹೊಸಿಲು ದಾಟಿದ ಮೇಲೆ ನಾಳಿನ ಊಟದ ಚಿಂತೆ ಅಷ್ಟಿರುವುದಿಲ್ಲ. ‘ಹೊರಗೆ ಕಾಲ ಸರಿಯಿಲ್ಲ’ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಆ ಹುಡುಗಿ ಪೆಟ್ಟು ತಿಂದದ್ದು ಹೊರಗೋ, ಮನೆಯೊಳಗೋ?

ಹಾಗಾದರೆ ನಾವೇನು ಮಾಡಬೇಕು? ಮೊದಲು ನಮ್ಮ ಸಂಘದ ಸಾಲದ ಪುಸ್ತಕ ತೆರೆಯೋಣ. ಮದುವೆಗೆಂದು ಎಷ್ಟು ಸಾಲ ಕೊಟ್ಟಿದ್ದೇವೆ, ಮಗಳ ಕೆಲಸಕ್ಕೆಂದು ಎಷ್ಟು ಕೊಟ್ಟಿದ್ದೇವೆ, ಕೂಡಿಸಿ ನೋಡೋಣ. ವರದಕ್ಷಿಣೆಗೆ ಸಂಘದ ಒಂದು ರೂಪಾಯಿಯೂ ಹೋಗಕೂಡದು ಎಂದು ನಿರ್ಣಯ ಬರೆಯೋಣ. ಹಾಸ್ಟೆಲ್ ಮುಂಗಡಕ್ಕೆ, ಕಂಪ್ಯೂಟರ್ ಕಲಿಕೆಗೆ, ಮೊದಲ ಮೂರು ತಿಂಗಳ ಊಟಕ್ಕೆ ಕಡಿಮೆ ಬಡ್ಡಿಯ ಸಾಲ ಕೊಡೋಣ.

ಇರುವ ಅನುಕೂಲಗಳನ್ನೂ ಬಿಡಬಾರದು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತ ಮಾಡಿತು. ದೇವಸ್ಥಾನಕ್ಕೆ ಹೋದ ಹಾಗೆಯೇ ಸಂದರ್ಶನಕ್ಕೂ ಹೋಗಬಹುದು. ಅದೇ ವರ್ಷ ಘೋಷಣೆಯಾದ ಯುವನಿಧಿಯಲ್ಲಿ, ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಎಂದು ಗೊತ್ತುಮಾಡಿದರು. ಆ ಹಣ ಕೆಲಸ ಹುಡುಕುವುದಕ್ಕೆ, ಮದುವೆಯ ಸೀರೆಗಲ್ಲ. 2014ರ ತಿದ್ದುಪಡಿಯ ನಂತರ ಬಿ.ಎ., ಬಿ.ಕಾಂ. ಆದವರೂ ಅಪ್ರೆಂಟಿಸ್ ಆಗಿ ಭತ್ಯೆ ಪಡೆಯುತ್ತಾ ಕೆಲಸ ಕಲಿಯಬಹುದು. ‘ಅನುಭವ ಎಲ್ಲಿದೆ?’ ಎಂಬ ಪ್ರಶ್ನೆಗೆ ಅದೊಂದು ಉತ್ತರ.

ಕಾನೂನಿನ ಈ ಮಾತನ್ನು ಮಾತ್ರ ಮರೆಯಬೇಡಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ ನಿಯಮಗಳು 2006ರಲ್ಲಿ ಬಂದವು. ಅವುಗಳ ಜೊತೆಗಿರುವ ದೂರಿನ ನಮೂನೆಯಲ್ಲಿ, ಹೆಣ್ಣನ್ನು ಕೆಲಸಕ್ಕೆ ಸೇರದಂತೆ ತಡೆಯುವುದನ್ನೂ, ಇರುವ ಕೆಲಸ ಬಿಡಿಸುವುದನ್ನೂ ಹಿಂಸೆಯ ಪಟ್ಟಿಯಲ್ಲಿಯೇ ಬರೆದಿದೆ. ಈ ಕಾಯ್ದೆ ಹೆಂಡತಿಗೆ ಮಾತ್ರವಲ್ಲ, ಮನೆಯಲ್ಲಿರುವ ಮಗಳಿಗೂ ಅಕ್ಕತಂಗಿಯರಿಗೂ ಅನ್ವಯಿಸುತ್ತದೆ. ಅಂಗನವಾಡಿ ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ. ಮಹಿಳಾ ಸಹಾಯವಾಣಿ 181.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿಸಿಕೊಂಡ ಮೇಲೆ ಐದು ನಿಮಿಷ ಕೂತು ಒಂದು ಪಟ್ಟಿ ಬರೆಯಿರಿ: ನಮ್ಮ ಬೀದಿಯಲ್ಲಿ ಪದವಿ ಮುಗಿಸಿ ಮನೆಯಲ್ಲಿ ಕೂತಿರುವ ಹೆಣ್ಣುಮಕ್ಕಳು ಯಾರು ಯಾರು? ಮರುದಿನವೇ ಇಬ್ಬಿಬ್ಬರು ಅವರ ಮನೆಗೆ ಹೋಗಿ. ‘ಮದುವೆ ಯಾವಾಗ?’ ಎಂದು ಕೇಳುವವರು ಊರ ತುಂಬ ಇದ್ದಾರೆ. ನೀವು ‘ಕೆಲಸಕ್ಕೆ ಯಾವಾಗ?’ ಎಂದು ಕೇಳಿ.